ನೆಣ ಉಂಡ ಬೀಗರು

“ಬಟಾಟೆ ನನಗೆ ಬೇಡ,” ಎಂದು ಮುದುಕ ಸಗಿಂದಿಕ್ ತಟ್ಟೆಯನ್ನು ಬೆಂಚಿನ ತುದಿಗೆ ತಳ್ಳಿದ. “ಅಂಗಳದಲ್ಲಿ ಕುರಿ ಕೊಯ್ದಿದ್ದೀರಿ, ಮೂಗಿಗೆ ವಾಸನೆ ಬಡೀತಿದೆ. ನನಗೆ ಮಾತ್ರ ಬಟಾಟೆಯಾ?”

“ತಿನ್ನಪ್ಪಾ. ಡಾಕ್ಟರು ಹೇಳಿದ್ದಾರಲ್ಲ,” ಎಂದ ತೊಲೆಗೆನ್.

“ಹಾಗಾದ್ರೆ ಡಾಕ್ಟರಿಗೇ ಕೊಡು. ನನಗೆ ಬಾಲದ ನೆಣ ತಗೊಂಬಾ. ನೀನು ಈ ಮನೇಲಿ ಕೆಲಸಕ್ಕಿದ್ದೀಯಾ?”

ತೊಲೆಗೆನ್ ತಟ್ಟೆಯನ್ನು ಮತ್ತೆ ಅಪ್ಪನ ಹತ್ತಿರ ಸರಿಸಿದ. ಊರಿನ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು ಅವನು. ಬಿಸಿ ಮಾಡುವುದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅಂಗಳದ ಮೂಲೆಯ ಸ್ನಾನದ ಮನೆಯನ್ನು ಬೆಳಿಗ್ಗೆಯಿಂದ ಹದವಾಗಿ ಕಾಯಿಸಿ, ಬೆಂಚಿನ ಮೇಲೆ ಕಂಬಳಿ ಹಾಸಿ, ಫ್ಲಾಸ್ಕಿನಲ್ಲಿ ಹಾಲು ಹಾಕಿದ ಚಹಾ ಇಟ್ಟು, ರೇಡಿಯೋ ಹಚ್ಚಿ ಅಪ್ಪನನ್ನು ಅಲ್ಲಿ ಕೂರಿಸಿದ್ದ. ಇಷ್ಟು ಮಾಡುವ ಮಗ ಊರಲ್ಲಿ ಇನ್ನೊಬ್ಬನಿದ್ದರೆ ತೋರಿಸಲಿ ಎಂದು ಮನಸ್ಸಿನಲ್ಲೇ ಯಾರೊಂದಿಗೋ ವಾದ ಮಾಡಿದ. ಆಮೇಲೆ ಹೊರಗೆ ಬಂದು ಚಿಲಕ ಹಾಕಿದ.

ಮಗಳು ಮೊಲ್ದಿರಳನ್ನು ಕೇಳಲು ಅವತ್ತು ಪಟ್ಟಣದಿಂದ ಬೀಗರು ಬರುವವರಿದ್ದರು. ಮೊಲ್ದಿರಳಿಗೆ ಮೂವತ್ತು ಹತ್ತಿರವಾಗಿತ್ತು. ಹೋದ ವರ್ಷ ಒಂದು ಸಂಬಂಧ ಬಂದು, ಎಲ್ಲ ಮಾತೂ ಮುಗಿದು, ಚಹಾ ಕುಡಿಯುವ ಹೊತ್ತಿಗೆ ಮುದುಕ ಎದ್ದು ಬಾಗಿಲ ಬಳಿ ಹೋಗಿ ಗಂಡಿನ ಸೋದರಮಾವನ ಬೂಟಿನೊಳಗೆ ಮೂತ್ರ ಮಾಡಿದ್ದ. ಆ ಮಾವ ತೊಲೆಗೆನ್‌ನ ಹಳೇ ಬೂಟು ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ, ಬೂಟನ್ನೂ ಕಳಿಸಲಿಲ್ಲ. ಊರಿನವರು ಚಳಿಗಾಲವಿಡೀ ಇದನ್ನು ಹೇಳಿಕೊಂಡು ನಕ್ಕರು. ಮೊಲ್ದಿರ್ ನಗಲಿಲ್ಲ. ಈ ಸಲದ ಹುಡುಗ ಅವಳೇ ಮೆಚ್ಚಿದವನು. ಇದೂ ತಪ್ಪಿಹೋದರೆ ಮುಂದೆ ಯಾರನ್ನೂ ಮನೆಗೆ ಕರೆಯಬೇಡಿ ಎಂದು ತಾಯಿಗೆ ಹೇಳಿಬಿಟ್ಟಿದ್ದಳು.

ಹುಡುಗನ ತಾಯಿ ಕುಲ್ಪಾಶ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹಿಂದಿನ ವಾರ ಫೋನಿನಲ್ಲಿ ಅವಳು ಹೆಣ್ಣಿನ ಓದು ಕೇಳಲಿಲ್ಲ, ಮನೆ ಕೇಳಲಿಲ್ಲ.

“ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ವಂಶದಲ್ಲಿ ಯಾರಿಗಾದ್ರೂ ಮರೆವಿನ ಕಾಯಿಲೆ ಇತ್ತಾ? ನಮ್ಮಮ್ಮನನ್ನ ವರ್ಷಗಟ್ಟಲೆ ತೊಳೆದಿದ್ದೀನಿ ನಾನು. ನನ್ನ ರಕ್ತದಲ್ಲೂ ಅದು ಇರಬಹುದು. ಮೊಮ್ಮಕ್ಕಳಿಗೆ ಎರಡೂ ಕಡೆಯಿಂದ ಹಂಚೋಕೆ ನಾನು ತಯಾರಿಲ್ಲ.”

ತೊಲೆಗೆನ್ ಕಿಟಕಿಯಾಚೆ ನೋಡಿದ. ಅಂಗಳದಲ್ಲಿ ಅಪ್ಪ ಕೋಟನ್ನು ಒಳಹೊರಗು ಮಾಡಿ ಹಾಕಿಕೊಂಡು ಕೋಳಿಗಳಿಗೆ ಬುದ್ಧಿ ಹೇಳುತ್ತಿದ್ದ. “ಇಲ್ಲಮ್ಮಾ,” ಎಂದ ತೊಲೆಗೆನ್. “ಅಪ್ಪ ಹೃದಯ ನಿಂತು ತೀರ್ಕೊಂಡ್ರು. ಕೊನೇವರೆಗೂ ಬುದ್ಧಿ ಚಾಕುವಿನ ಹಾಗಿತ್ತು.” ಮಾತು ಇಷ್ಟು ಸಲೀಸಾಗಿ ಬಂತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಕಾವಲು ಬೇಕು. ಹಾಗಾಗಿ ನೆಂಟರಿಷ್ಟರಲ್ಲಿ ಯಾರನ್ನೂ ಕರೆಯಲಿಲ್ಲ. ಹಿರಿಯರು ಬಂದರೆ ಮೊದಲು ಕೇಳುವುದೇ ಸಗಿಂದಿಕ್ ಹೇಗಿದ್ದಾನೆ ಎಂದು.

ನೆಣದ ಕಥೆಯೂ ಇದರೊಳಗೇ ಇದೆ. ಸಗಿಂದಿಕ್ ಒಂದು ಕಾಲದಲ್ಲಿ, ಊರೆಲ್ಲ ಸೇರಿ ದುಡಿಯುತ್ತಿದ್ದ ಸಾಮೂಹಿಕ ಜಮೀನಿನ ದೊಡ್ಡ ಕುರುಬ. ಬೇರೆಯವರು ರೊಟ್ಟಿ ತಿನ್ನುವಂತೆ ಕುರಿಯ ಬಾಲದ ನೆಣ ತಿಂದು ಬೆಳೆದವನು. ಹಿಮದಲ್ಲಿ ಮಲಗಿ ಎದ್ದು ಬರಲು ಅದೇ ಬೇಕಿತ್ತು. ಬುದ್ಧಿ ಮಸುಕಾಗತೊಡಗಿದಾಗ ಸೊಸೆ ರೌಶನ್ ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದಳು. “ಇಂಥ ನೆಣ ಜಾಸ್ತಿ ತಿಂದವರಿಗೆ ಅಪಾಯ ಹೆಚ್ಚು ಅಂತ ಕೆಲವರು ಹೇಳ್ತಾರೆ. ಇವರಿಗೆ ಅದರಿಂದಲೇ ಬಂತು ಅಂತ ಯಾರೂ ಎದೆ ತಟ್ಟಿ ಹೇಳೋಕಾಗಲ್ಲ. ಹೃದಯಕ್ಕೆ ಒಳ್ಳೇದಲ್ಲ, ಸ್ವಲ್ಪ ಕಡಿಮೆ ಮಾಡಿ,” ಎಂದರು ಡಾಕ್ಟರು. ರೌಶನ್ ಮೊದಲಿನ ಮಾತನ್ನು ಮಾತ್ರ ಮನೆಗೆ ತಂದಳು. ಸ್ವಲ್ಪ ಕಡಿಮೆ ಎನ್ನುವುದೆಲ್ಲ ಅವಳ ಸ್ವಭಾವದಲ್ಲಿಲ್ಲ. ಅಂದಿನಿಂದ ಮುದುಕನಿಗೆ ಬೆಂದ ಬಟಾಟೆ, ಮೇಲೆ ಸೂರ್ಯಕಾಂತಿ ಎಣ್ಣೆಯ ನಾಲ್ಕು ಹನಿ. ಹೆಂಡತಿ ಸತ್ತದ್ದನ್ನು ಅವನು ಮರೆತ, ಮಗನ ಹೆಸರನ್ನು ಮರೆತ, ಬಚ್ಚಲ ದಾರಿಯನ್ನೂ ಮರೆತ. ನೆಣವನ್ನು ಮಾತ್ರ ಮರೆಯಲಿಲ್ಲ.

ಮಧ್ಯಾಹ್ನ ಬೀಗರ ಕಾರು ಬಂತು. ವಾಡಿಕೆಯಂತೆ ಹುಡುಗ ಬರಲಿಲ್ಲ, ತಂದೆತಾಯಿ ಇಬ್ಬರೇ. ಹುಡುಗನ ತಂದೆ ಇಬ್ರಾಯ್ ದೊಡ್ಡ ಹೊಟ್ಟೆಯ, ದೊಡ್ಡ ನಗೆಯ ಮನುಷ್ಯ. ಕುಲ್ಪಾಶ್ ಸಣಕಲು, ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಮೇಜಿನ ಮುಂದೆ ಕುಳಿತ ಕೂಡಲೇ ಅವಳು ಬೆಣ್ಣೆಯ ಬಟ್ಟಲನ್ನು ಗಂಡನ ಕಡೆಯಿಂದ ದೂರ ಸರಿಸಿದಳು.

“ನೋಡಿ ಬೀಗರೇ, ಇದೇ ನನ್ನ ಸಂಸಾರ,” ಎಂದು ಇಬ್ರಾಯ್ ಕೈಚಾಚಿ ಬಟ್ಟಲನ್ನು ವಾಪಸು ಎಳೆದುಕೊಂಡ. “ಮನೇಲಿ ಮೀನು, ಅಕ್ರೋಟು, ಸೊಪ್ಪು. ಮೊಲ ಸಾಕಿದ ಹಾಗೆ ಸಾಕಿದ್ದಾಳೆ ನನ್ನ.”

“ನಗ್ರಿ, ನಗ್ರಿ. ನಾಳೆ ನನ್ನ ಹೆಸರು ಮರೆತಾಗ ಯಾರು ನಗ್ತಾರೆ ನೋಡೋಣ. ನಮ್ಮಮ್ಮ ಬಾಲದ ನೆಣ ಇಲ್ದೆ ಒಂದು ಹೊತ್ತು ಊಟ ಮಾಡಿದವಳಲ್ಲ. ಕೊನೆಗೆ ಕನ್ನಡಿ ನೋಡಿ, ಯಾರೋ ಮುದುಕಿ ಮನೆಗೆ ನುಗ್ಗಿದ್ದಾಳೆ ಅಂತ ಕೂಗ್ಕೋತಿದ್ಲು.”

“ಮತ್ತೆ ನಮ್ಮಪ್ಪ? ಎಂಬತ್ತೇಳು ವರ್ಷ! ದಿನಾ ಬೆಳಿಗ್ಗೆ ಕರಗಿಸಿದ ನೆಣ ಒಂದು ಬಟ್ಟಲು ಕುಡೀತಾರೆ. ಕುದುರೆ ಮೇಲೆ ಕೂತು ಕುರಿ ಎಣಿಸ್ತಾರೆ. ಒಂದು ಕುರಿ ಕಮ್ಮಿ ಬಿದ್ರೆ ನನ್ನ ಏಳು ತಲೆಮಾರಿಗೂ ಬೈತಾರೆ. ಏಳು ತಲೆಮಾರೂ ಅವರಿಗೆ ಹೆಸರು ಸಮೇತ ನೆನಪಿದೆ!”

ಎಲ್ಲರೂ ನಕ್ಕರು. ಕುಲ್ಪಾಶ್ ನಗದೆ ತೊಲೆಗೆನ್ ಕಡೆ ತಿರುಗಿದಳು. “ನಿಮ್ಮ ತಂದೆಯವರದು ಹೃದಯ ಅಂದ್ರಲ್ವಾ?”

“ಹೃದಯಾನೇ. ಇದ್ದಕ್ಕಿದ್ದ ಹಾಗೆ,” ಎಂದ ತೊಲೆಗೆನ್.

ಅಷ್ಟರಲ್ಲಿ ರೌಶನ್ ಕುರಿಯ ತಲೆಯನ್ನು ತಂದಳು. ಕೂದಲು ಸುಟ್ಟು, ಕೆರೆದು, ಬೇಯಿಸಿದ ತಲೆ ಅಗಲವಾದ ತಟ್ಟೆಯಲ್ಲಿ ಹಬೆಯಾಡುತ್ತಿತ್ತು. ತೊಲೆಗೆನ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂತಿಯನ್ನು ಇಬ್ರಾಯ್ ಕಡೆ ತಿರುಗಿಸಿ ಇಟ್ಟ. ದೊಡ್ಡ ಅತಿಥಿಗೆ ಸಲ್ಲಬೇಕಾದದ್ದು. ಇಬ್ರಾಯ್ ಎದೆಯ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸಿದ.

“ಬೇಡ ಬೀಗರೇ. ಈಗ ತಾನೆ ಹೇಳ್ದೆನಲ್ಲ, ನಮ್ಮಪ್ಪ ಇದ್ದಾರೆ. ನಾನು ಹೇಗೆ ತಲೆ ಹಿಡೀಲಿ? ನಿಮ್ಮ ತಂದೆ ಹೋಗಿದ್ದಾರೆ, ಅವರ ಆತ್ಮ ತಂಪಾಗಿರಲಿ. ನೀವೇ ಹಿಡೀರಿ.”

ತಂದೆ ಬದುಕಿರುವವನು ಕುರಿಯ ತಲೆಗೆ ಚಾಕು ಹಚ್ಚುವುದಿಲ್ಲ. ಈ ಸೀಮೆಯಲ್ಲಿ ಗಂಡುಮಕ್ಕಳಿಗೆ ಇದನ್ನು ಯಾರೂ ಎರಡನೇ ಸಲ ಹೇಳಿಕೊಡಬೇಕಾಗಿಲ್ಲ. ತೊಲೆಗೆನ್‌ಗೆ ವಯಸ್ಸು ಐವತ್ತೈದಾದರೂ ಎಷ್ಟೋ ಮದುವೆಗಳಲ್ಲಿ ತಟ್ಟೆ ತನ್ನ ಮುಂದೆ ಬಂದಾಗ, “ಅಪ್ಪ ಇದ್ದಾರೆ” ಎಂದು ಪಕ್ಕದವನಿಗೆ ದಾಟಿಸಿದ್ದ. ಹಾಗೆ ದಾಟಿಸುವಾಗ ಅವನಿಗೆ ಒಂದು ಬಗೆಯ ಹೆಮ್ಮೆಯಾಗುತ್ತಿತ್ತು. ಈಗ ಸುತ್ತ ನೋಡಿದ. ದಾಟಿಸಲು ತನ್ನ ಕಡೆಯ ಒಬ್ಬ ಗಂಡಸೂ ಅಲ್ಲಿರಲಿಲ್ಲ. ಕರೆದಿರಲಿಲ್ಲ. ಬಾಯಲ್ಲಿ ಸತ್ತಿದ್ದಾನೆ ಎನ್ನುವುದು ಬೇರೆ, ಕೈಯಾರೆ ಒಪ್ಪಿಕೊಳ್ಳುವುದು ಬೇರೆ. ರೌಶನ್ ಗಂಡನ ಮುಖ ನೋಡದೆ ಚಾಕುವನ್ನು ಅವನ ಕೈಗಿತ್ತಳು.

ಅವನು ಮೊದಲು ಕೆನ್ನೆಯ ತುಂಡು ಕೊಯ್ದ. ಚಾಕು ಸಲೀಸಾಗಿ ಇಳಿಯಿತು, ಇಳಿಯದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೇನೋ. ಕಿವಿ ಕೊಯ್ಯುವಾಗ ಕಿಟಕಿಯಲ್ಲಿ ಮೊಲ್ದಿರ್ ಕಂಡಳು. ಶಾಲಿನಡಿ ಏನನ್ನೋ ಮುಚ್ಚಿಕೊಂಡು ಅಂಗಳ ದಾಟಿ ಸ್ನಾನದ ಮನೆಗೆ ಹೋಗುತ್ತಿದ್ದಳು. ಬರಿಗೈಯಲ್ಲಿ ವಾಪಸು ಬಂದಳು. ತಾತನ ಗೋಳು ಕೇಳಲಾಗದೆ ಒಂದು ಚೂರು ನೆಣ ಕೊಟ್ಟು ಬಂದಿದ್ದಾಳೆ ಎಂದು ತೊಲೆಗೆನ್‌ಗೆ ತಿಳಿಯಿತು. ಚಿಲಕ ಹಾಕಿದಳೋ ಇಲ್ಲವೋ ಕಾಣಲಿಲ್ಲ. ಕೈಯಲ್ಲಿ ತಲೆ ಹಿಡಿದು ಕುಳಿತವನು ಎದ್ದು ಹೋಗುವಂತಿರಲಿಲ್ಲ.

ಅವಳು ಹಾಕಿರಲಿಲ್ಲ.

ಬಾಗಿಲು ತೆರೆದು ಮುದುಕ ಒಳಗೆ ಬಂದಾಗ ಅವನನ್ನು ನೋಡಿದ ಯಾರಿಗೂ ತಪ್ಪು ಕಾಣುವಂತಿರಲಿಲ್ಲ. ಬೂಟು ಕಳಚಿ ಬಾಗಿಲ ಬಳಿ ಜೋಡಿಸಿದ. ಗಡ್ಡ ಸವರಿಕೊಂಡು ಎಲ್ಲರಿಗೂ ಸಲಾಂ ಹೇಳಿದ. ಕೋಟಿನ ಗುಂಡಿಗಳು ಮಾತ್ರ ಒಂದೊಂದು ಕಾಜ ತಪ್ಪಿದ್ದವು.

ಇಬ್ರಾಯ್ ಹಿರಿಯರನ್ನು ಕಂಡವನೇ ಎದ್ದು ನಿಂತ. “ಬನ್ನಿ ಅಜ್ಜಾ, ಮೇಲೆ ಬನ್ನಿ. ಯಾರು ಬೀಗರೇ ಇವರು?”

ಆ ಗಳಿಗೆಯಲ್ಲಿ ತೊಲೆಗೆನ್ ಏನು ಬೇಕಾದರೂ ಹೇಳಬಹುದಿತ್ತು. ಬಾಗಿಲ ಪರದೆಯ ಹಿಂದೆ ಮೊಲ್ದಿರಳ ಪಾದಗಳು ಅವನಿಗೆ ಕಾಣುತ್ತಿದ್ದವು.

“ನೆರೆಯವರು,” ಎಂದ. “ಹೀಗೇ ಬಂದು ಹೋಗ್ತಿರ್ತಾರೆ.”

ಮುದುಕನನ್ನು ಹಿರಿಯರಿಗೆ ಮೀಸಲಾದ ಮೇಲಿನ ಜಾಗದಲ್ಲಿ, ತನ್ನ ಪಕ್ಕದಲ್ಲೇ, ಇಬ್ರಾಯ್ ಕೂರಿಸಿಕೊಂಡ. ಮುದುಕನಿಗೆ ಯಾವ ತಕರಾರೂ ಇರಲಿಲ್ಲ. ಒಳ್ಳೆಯ ಮನೆಯಲ್ಲಿ ಒಳ್ಳೆಯ ಜನರ ನಡುವೆ ಕುಳಿತಿದ್ದೇನೆ ಎಂಬ ಸಂತೋಷ ಅವನ ಮುಖದಲ್ಲಿತ್ತು. ಆಮೇಲೆ ಅವನ ಕಣ್ಣು ತೊಲೆಗೆನ್‌ನ ಕೈಯಲ್ಲಿದ್ದ ತಲೆಯ ಮೇಲೆ, ಚಾಕುವಿನ ಮೇಲೆ ಬಿತ್ತು.

“ಅಯ್ಯೋ ಮಗಾ,” ಎಂದ. “ನಿಮ್ಮಪ್ಪ ಹೋಗ್ಬಿಟ್ನಾ?”

ತೊಲೆಗೆನ್ ಹೌದೆಂದು ತಲೆಯಾಡಿಸಿದ.

“ನೆರೆಯಲ್ಲಿದ್ರೂ ನಿಮಗೆ ಗೊತ್ತಿಲ್ವಾ ಅಜ್ಜಾ?” ಎಂದ ಇಬ್ರಾಯ್. “ಸಗಿಂದಿಕ್ ಅಂತ. ದೊಡ್ಡ ಕುರುಬರಂತಲ್ಲ.”

“ಸಗಿಂದಿಕ್ಕಾ! ಗೊತ್ತಿಲ್ದೆ ಏನು? ಕುರಿ ಅಂದ್ರೆ ಅವನು. ಬಾಯಿ ಸ್ವಲ್ಪ ಕೆಟ್ಟದು, ಮನಸ್ಸು ಒಳ್ಳೇದು. ಒಬ್ಬನೇ ಮಗ. ದೊಡ್ಡ ಹಿಮ ಬಿದ್ದ ವರ್ಷ ಆ ಮಗುವನ್ನ ಕೋಟಿನೊಳಗೆ ಹಾಕ್ಕೊಂಡು ಬೆಟ್ಟ ಇಳಿದು ಬಂದ. ದಾರಿಯುದ್ದಕ್ಕೂ ನೆಣ ಅಗಿದು ಅಗಿದು ಅದರ ಬಾಯಿಗಿಟ್ಟ.” ಮುದುಕನ ಗಲ್ಲ ಅದುರತೊಡಗಿತು. “ಸಗಿಂದಿಕ್ ಸತ್ನಾ? ನನಗೆ ಯಾರೂ ಹೇಳಲೇ ಇಲ್ವಲ್ಲ.”

ಅವನು ಅಂಗೈಗಳನ್ನೆತ್ತಿ ಸತ್ತವನಿಗಾಗಿ ದುವಾ ಹೇಳಿದ. ಹೆಸರುಗಳನ್ನು ಮರೆತವನ ಬಾಯಲ್ಲಿ ದುವಾ ಒಂದಕ್ಷರ ತಪ್ಪದೆ ಬಂತು. ಎಲ್ಲರೂ ಅಂಗೈಯೆತ್ತಿ ಮುಖ ಸವರಿಕೊಂಡರು. ತೊಲೆಗೆನ್ ಕೂಡ ಸವರಿಕೊಂಡ. ಕೈಗೆ ಅಂಟಿದ್ದ ಕುರಿಯ ಜಿಡ್ಡೆಲ್ಲ ಮುಖಕ್ಕಾಯಿತು. ಇಂಥ ಹೊತ್ತಿನಲ್ಲಿ ಭೂಮಿ ಬಾಯಿ ಬಿಡುತ್ತದೆ ಎನ್ನುತ್ತಾರೆ. ಬಿಡಲಿಲ್ಲ. ಅವನಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಕೆಟ್ಟ ಸಿಟ್ಟು. ಇಷ್ಟೆಲ್ಲ ನೆನಪಿಟ್ಟುಕೊಂಡು ತನ್ನ ಮುಖವೊಂದನ್ನು ಯಾಕೆ ಮರೆಯಬೇಕಿತ್ತು?

ಆಮೇಲೆ ನೆಣ ಬಂತು, ಜೊತೆಗೆ ಈಲಿ, ಅಂದರೆ ಕುರಿಯ ಲಿವರ್. ಸಂಬಂಧ ಕುದುರುವುದು ಇದರಲ್ಲೇ. ಬಾಲದ ಬಿಳಿ ನೆಣದ ಹೋಳುಗಳನ್ನು, ಕಪ್ಪು ಈಲಿಯ ಹೋಳುಗಳನ್ನು ಬೀಗರು ಒಬ್ಬರಿಗೊಬ್ಬರು ಕೈಯಿಂದ ತಿನ್ನಿಸಬೇಕು. ತಿಂದ ಮೇಲೆ ಮಾತು ಮುರಿಯುವಂತಿಲ್ಲ. ಮುರಿದವರ ಮನೆಗೆ ಹೆಣ್ಣು ಕೊಡುವವರಿಲ್ಲ, ಆ ಮನೆಯಿಂದ ತರುವವರಿಲ್ಲ. ಇಬ್ರಾಯ್ ಮೊದಲ ತುತ್ತನ್ನು ಹಿರಿಯನಿಗೆಂದು ಮುದುಕನ ಬಾಯಿಗೆ ಒಯ್ದ.

“ಅಯ್ಯೋ, ಅವರಿಗೆ ನೆಣ—” ಎಂದಳು ರೌಶನ್. ಅಭ್ಯಾಸ ಬಲ.

ಕುಲ್ಪಾಶ್ ತಲೆಯೆತ್ತಿದಳು. “ಅವರಿಗೇನು?”

“ಹಲ್ಲಿಲ್ಲ,” ಎಂದಳು ರೌಶನ್.

“ನೆಣಕ್ಕೆ ಯಾತರ ಹಲ್ಲು!” ಎಂದು ಇಬ್ರಾಯ್ ನಗುತ್ತ ಮುದುಕನ ಬಾಯಿಗೆ ತುಂಬಿದ. ಮುದುಕ ಕಣ್ಣು ಮುಚ್ಚಿದ. ನುಂಗಿ ಮತ್ತೆ ಬಾಯಿ ತೆರೆದ. ಇಬ್ರಾಯ್ ಮತ್ತೆ ಕೊಟ್ಟ. ಜಿಡ್ಡು ಗಡ್ಡದಿಂದ ಕೋಟಿನ ಮೇಲೆ ಇಳಿಯುತ್ತಿತ್ತು. ಇಬ್ರಾಯ್‌ನ ಕೈ ತಡವಾದಾಗ ಮುದುಕ ತಾನೇ ತಟ್ಟೆಗೆ ಕೈ ಹಾಕಿ ಬಾಚಿಕೊಂಡ. “ಇದು ಯಾರ ಮನೆಯಪ್ಪಾ?” ಎಂದು ಕೇಳಿದ. ಹೇಳಿದರು. ಅಗಿಯುತ್ತ ಮತ್ತೆ ಅದನ್ನೇ ಕೇಳಿದ.

ಕುಲ್ಪಾಶ್ ಅವನ ಗುಂಡಿಗಳನ್ನು ನೋಡುತ್ತಿದ್ದಳು. “ಇವರಿಗೆ ಆ ಕಾಯಿಲೆ ಇದೆ,” ಎಂದಳು ಮೆಲ್ಲಗೆ. “ಬಾಗಿಲಲ್ಲಿ ನಿಂತಾಗಲೇ ಗೊತ್ತಾಯ್ತು ನನಗೆ. ಯಾರು ನೋಡ್ಕೋತಾರೆ? ಮಕ್ಕಳಿದ್ದಾರಾ?”

“ಮಕ್ಕಳಿಲ್ಲ,” ಎಂದ ತೊಲೆಗೆನ್. ಅವಳು ಇನ್ನೂ ನೋಡುತ್ತಲೇ ಇದ್ದುದರಿಂದ ಸೇರಿಸಿದ: “ಯಾರೂ ಇಲ್ಲ. ನಾವೇ ಏನೋ ಕೈಲಾದಷ್ಟು ನೋಡ್ಕೋತೀವಿ.”

ಕುಲ್ಪಾಶಳ ಕಣ್ಣು ತುಂಬಿಬಂತು. “ಹೆತ್ತವರನ್ನೇ ಬೀದಿಗೆ ಬಿಡೋ ಕಾಲ ಇದು. ಯಾರೋ ಮುದುಕನನ್ನ ನೀವು ಮೇಜಿನ ಮೇಲ್ಗಡೆ ಕೂರಿಸಿಕೊಂಡು ಉಣ್ಣಿಸ್ತಿದ್ದೀರಿ. ನಾನು ಬರುವಾಗ ಇನ್ನೂ ಅನುಮಾನ ಇಟ್ಕೊಂಡೇ ಬಂದೆ. ನನ್ನದು ತಪ್ಪಾಯ್ತು. ಇಂಥ ಮನೆ ಹೆಣ್ಣು ಸಿಗೋಕೆ ನನ್ನ ಮಗ ಪುಣ್ಯ ಮಾಡಿರ್ಬೇಕು.” ತಾಯಿ ಹೋದಾಗಿನಿಂದ ನೆಣದ ಪಾತ್ರೆಯನ್ನು ಕೂಡ ಮುಟ್ಟದವಳು ರೌಶನ್ ಮುಂದೆ ಬಾಯಿ ತೆರೆದಳು. “ತಿನ್ನಿಸಿ ಬೀಗಿತ್ತಿ. ದೊಡ್ಡ ಹೋಳೇ ಹಾಕಿ.”

ರೌಶನ್ ತಿನ್ನಿಸಿದಳು. ಮಾತು ಮುಗಿಯಿತು.

ಸಂಬಂಧ ನಿಂತ ಗುರುತಿಗೆ ಓಲೆ ತೊಡಿಸಲು ಮೊಲ್ದಿರಳನ್ನು ಕರೆದರು. ಅವಳು ತಲೆ ತಗ್ಗಿಸಿಕೊಂಡು ಬಂದು ಭಾವಿ ಅತ್ತೆಯ ಮುಂದೆ ಮಂಡಿಯೂರಿದಳು. ಎದುರಿಗೇ ತಾತ ಕುಳಿತಿದ್ದ. “ಚೆಂದದ ಹುಡುಗಿ,” ಎಂದ ಅವನು ಇಬ್ರಾಯ್‌ಗೆ. “ಯಾರ ಮಗಳು?” ಮೊಲ್ದಿರ್ ಅಪ್ಪನ ಕಡೆ ನೋಡಿದಳು. ತೊಲೆಗೆನ್ ಮೇಜಿನ ಮೇಲೆ ಬಿದ್ದಿದ್ದ ಮೂಳೆಯನ್ನು ಎತ್ತಿ ತಟ್ಟೆಗೆ ಹಾಕಿದ. ಅವಳಿಗೆ ಹೇಳಬೇಕಾದ ಮಾತು ಗೊತ್ತಿತ್ತು, ಹೇಳಲು ಹೊತ್ತೂ ಇತ್ತು. ಅವಳು ಕಿವಿಯನ್ನು ಅತ್ತೆಯ ಕೈಗೊಡ್ಡಿದಳು. ಕಣ್ಣೀರು ಕೆನ್ನೆಗಿಳಿದಾಗ, ಓಲೆಯ ಕೊಕ್ಕೆ ಬಿಗಿಯಾಯಿತೇನೋ ಎಂದು ಕುಲ್ಪಾಶ್ ಅದನ್ನು ಸಡಿಲಿಸಿದಳು.

ಬೀಗರು ಹೊರಡಲು ಎದ್ದರು. ಅತಿಥಿಗಳು ಎದ್ದರೆ ತಾನೂ ಏಳಬೇಕೆಂಬುದು ಮುದುಕನಿಗೆ ತಿಳಿದಿತ್ತು. ಅವನೂ ಎದ್ದು, ಊಟ ಚೆನ್ನಾಗಿತ್ತೆಂದು ರೌಶನ್‌ಗೆ ಹೇಳಿ, ಬೂಟು ಹಾಕಿಕೊಂಡ.

“ನೀವು ಕೂತ್ಕೊಳ್ಳಿ ಅಜ್ಜಾ, ನಿಧಾನಕ್ಕೆ ಹೋದ್ರಾಯ್ತು,” ಎಂದಳು ರೌಶನ್. ಇಷ್ಟು ವರ್ಷ ಮಾವ ಎಂದು ಕರೆದವನನ್ನು ಅಜ್ಜ ಎನ್ನುವುದು ಅವಳಿಗೂ ಸಲೀಸಾಗಿಯೇ ಬಂತು.

“ಹಿಮ ಜಾರುತ್ತೆ. ನಾವೇ ಬಿಟ್ಟು ಹೋಗ್ತೀವಿ,” ಎಂದಳು ಕುಲ್ಪಾಶ್. “ನಮ್ಮಮ್ಮ ಹೀಗೇ ಒಂದ್ಸಲ ಬಿದ್ದು ಸೊಂಟ ಮುರ್ಕೊಂಡ್ಲು.”

“ಬೇಡ, ನಾನೇ—” ಎನ್ನುವಷ್ಟರಲ್ಲಿ ಇಬ್ರಾಯ್ ಮುದುಕನ ತೋಳು ಹಿಡಿದಾಗಿತ್ತು. ಕಾರಿನಲ್ಲಿ ಕೂರುವುದೆಂದರೆ ಮುದುಕನಿಗೆ ಹಬ್ಬ. ಮುಂದಿನ ಸೀಟಿನಲ್ಲಿ ಕುಳಿತು ಮೊಣಕಾಲ ಮೇಲೆ ಕೈಯಿಟ್ಟುಕೊಂಡ.

“ಯಾವುದು ಬೀಗರೇ ಇವರ ಮನೆ?”

ತೊಲೆಗೆನ್ ಬೀದಿಯನ್ನು ನೋಡಿದ. ಎರಡು ಮನೆಯಾಚೆ ಟೀಚರಮ್ಮನ ಮನೆ. ಅವಳು ಮಗಳ ಊರಿಗೆ ಹೋಗಿ ವಾರಗಳಾಗಿದ್ದವು. “ಆ ಹಸಿರು ಗೇಟು,” ಎಂದ.

ಕಾರು ಅಷ್ಟು ದೂರ ಹೋಗಿ ನಿಂತಿತು. ಇಬ್ರಾಯ್ ಇಳಿದು ಮುದುಕನನ್ನು ಗೇಟಿನವರೆಗೆ ನಡೆಸಿದ. ಮುದುಕ ಅಂಗೈಯೆತ್ತಿ ಹರಸಿದ. ಇಬ್ರಾಯ್ ಬಂದು ಕಾರಿನಲ್ಲಿ ಕುಳಿತ, ಆದರೆ ಕಾರು ಹೊರಡಲಿಲ್ಲ. ಮುದುಕ ಗೇಟು ದಾಟಿ ಒಳಗೆ ಹೋಗುವವರೆಗೆ ಕುಲ್ಪಾಶ್ ಬಿಡುವವಳಲ್ಲ. ನೋಡಿಕೊಳ್ಳಲು ಯಾರೂ ಇಲ್ಲದ ಮುದುಕ, ಹಿಮದಲ್ಲೇ ನಿಂತುಬಿಟ್ಟರೆ? ಅವಳು ಕಿಟಕಿಯ ಗಾಜು ಇಳಿಸಿದಳು. ತೊಲೆಗೆನ್ ತನ್ನ ಗೇಟಿನಲ್ಲಿ ನಿಂತು, ಎದೆಯ ಮೇಲೆ ಕೈಯಿಟ್ಟು, ಬೀಳ್ಕೊಡುವವರು ನಗುವ ಹಾಗೆ ನಗುತ್ತಿದ್ದ. ಹೊರಡಿ, ಹೊರಡಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

ಮುದುಕ ಗೇಟು ಬಡಿದ. ಕಾದ. ಕಾರನ್ನು ತಿರುಗಿ ನೋಡಿದ. ಅವರು ಚಳಿಯಲ್ಲಿ ಕಾಯುತ್ತಿರುವುದು ಅವನಿಗೆ ಸಂಕೋಚವಾದಂತಿತ್ತು. ಮುಷ್ಟಿ ಕಟ್ಟಿ ಜೋರಾಗಿ ಬಡಿದ.

“ತೊಲೆಗೆನ್! ಲೋ ತೊಲೆಗೆನ್! ಎಲ್ಲಿ ಸತ್ಯೋ? ಬಾಗಿಲು ತೆಗೀ ಮಗಾ, ಬೀಗರು ನಿಂತಿದ್ದಾರೆ.”

ಹಿಮದ ಬೀದಿಯಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿತು. ಕಾರಿನ ಕಿಟಕಿಯಲ್ಲಿ ಕುಲ್ಪಾಶಳ ಮುಖ ಮೊದಲು ಮುದುಕನ ಕಡೆಗಿತ್ತು. ಆಮೇಲೆ ನಿಧಾನವಾಗಿ ಈ ಕಡೆ ತಿರುಗಿತು. ಅವಳ ನೋಟ ತೊಲೆಗೆನ್‌ನ ಮುಖದ ಮೇಲೆಯೇ ಇತ್ತು. ಕುರಿಯ ನೆಣ ಚಳಿಗೆ ಬೇಗ ಗಟ್ಟಿಯಾಗುತ್ತದೆ. ಅವಳ ತುಟಿಗಳ ಮೇಲೆ ಅದು ಬೆಳ್ಳಗೆ ಕಟ್ಟಿತ್ತು. ಕೈಚೀಲದಿಂದ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡಳು. ಬಟ್ಟೆಯನ್ನು ಬಿಡಿಸಿ ನೋಡಿ, ಮಡಚಿ, ಮತ್ತೆ ಒರೆಸಿಕೊಂಡಳು.

ಮುದುಕ ಇನ್ನೂ ಗೇಟು ಬಡಿಯುತ್ತಿದ್ದ.